ಬದಿಯಡ್ಕದಲ್ಲಿ ಕೂತು ಹೊಸ ಜಾಝ್ ಕೇಳುವುದು: ನನ್ನ ಅನುಭವ

ಕದ್ರಿ ಗೋಪಾಲನಾಥರ ಹೆಸರು ಕೇಳದ ಸ್ಯಾಕ್ಸೋಫೋನ್ ವಾದಕ ನಮ್ಮ ಕಡೆ ಸಿಗಲಿಕ್ಕಿಲ್ಲ. ಆದರೆ 2008ರಲ್ಲಿ ಅವರು ಒಂದು ಜಾಝ್ ಆಲ್ಬಮ್‌ನಲ್ಲಿ ನುಡಿಸಿದ್ದು ಗೊತ್ತಿರುವವರು ಕಡಿಮೆ. ಆಲ್ಬಮ್ ಹೆಸರು ‘ಕಿನ್ಸ್‌ಮೆನ್’. ತಂದದ್ದು ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಎಂಬ ಸಣ್ಣ ಲೇಬಲ್, ಅಂದರೆ ಆಲ್ಬಮ್ ಹೊರತರುವ ಕಂಪನಿ. ನಾನು ಸಣ್ಣ ಲೇಬಲ್‌ಗಳ ಜಾಝ್ ಕೇಳಲು ಶುರು ಮಾಡಿದ್ದು ಅಲ್ಲಿಂದ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಮದುವೆ, ಜಾತ್ರೆ, ಗೃಹಪ್ರವೇಶಗಳಿಗೆ ಸ್ಯಾಕ್ಸೋಫೋನ್ ನುಡಿಸುತ್ತೇನೆ. ಹೊಸ ಜಾಝ್ ಆಲ್ಬಮ್‌ಗಳು ಇಲ್ಲಿ ಕೂತ ನನಗೆ ಹೇಗೆ ಸಿಗುತ್ತವೆ, ಅದರಿಂದ ಎಂತ ಪ್ರಯೋಜನ ಎಂದು ಜೊತೆಯ ಕಲಾವಿದರು ಆಗಾಗ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನನ್ನ ದಾರಿ ಇಷ್ಟೇ: ಆಲ್ಬಮ್ ಹಿಡಿದು ಹೋಗುವುದಲ್ಲ, ನುಡಿಸುವವರ ಹೆಸರು ಹಿಡಿದು ಹೋಗುವುದು. ‘ಕಿನ್ಸ್‌ಮೆನ್’ನಲ್ಲಿ ಕದ್ರಿಯವರ ಜೊತೆ ಇನ್ನೊಂದು ಆಲ್ಟೋ ಸ್ಯಾಕ್ಸೋಫೋನ್ ಇದೆ, ರುದ್ರೇಶ್ ಮಹಾಂತಪ್ಪ ಅವರದು. ಅಮೆರಿಕದಲ್ಲಿ ಬೆಳೆದವರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ, ಗಿಟಾರಿಗೆ ರೆಝ್ ಅಬ್ಬಾಸಿ. ಮೊದಲ ಸಲ ಕೇಳುವಾಗ ನನ್ನ ಕಿವಿ ಕದ್ರಿಯವರ ಹಿಂದೆಯೇ ಓಡಿತು. ಆ ಗಮಕ ನಮಗೆ ಮನೆಯದು, ಅಲ್ವಾ? ಕೇಳುತ್ತಾ ಕೇಳುತ್ತಾ ಎರಡನೆಯ ಸ್ಯಾಕ್ಸೋಫೋನ್ ಹಿಡಿಯತೊಡಗಿತು. ವಾದ್ಯ ಅದೇ, ಕೀಗಳು ಅವೇ. ಕದ್ರಿಯವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಕಡೆಯಲ್ಲಿ ಇವರು ಸ್ವರಗಳನ್ನು ಕಡಿದು ಕಡಿದು ಇಡುತ್ತಾರೆ. ಒಬ್ಬರನ್ನು ನೋಡಿ ಇನ್ನೊಬ್ಬರು ತಮ್ಮ ಬಾನಿ ಬಿಡುವುದಿಲ್ಲ. ಫ್ಯೂಷನ್ ಹೆಸರಲ್ಲಿ ಎರಡೂ ಕಡೆ ತೆಳುವಾಗುವುದನ್ನು ಎಷ್ಟೋ ಕೇಳಿದ್ದೇವೆ. ಇಲ್ಲಿ ಹಾಗಾಗಿಲ್ಲ. ಅದಕ್ಕೇ ನನಗೆ ಈ ಆಲ್ಬಮ್ ಮೇಲೆ ಅಷ್ಟು ಗೌರವ.

ಅಲ್ಲಿಂದ ಮಹಾಂತಪ್ಪ ಅವರ ಹಿಂದಿನ ಆಲ್ಬಮ್‌ಗಳಿಗೆ ಹೋದೆ. 2004ರಲ್ಲಿ ಅದೇ ಲೇಬಲ್‌ನಿಂದ ‘ಮದರ್ ಟಂಗ್’ ಬಂದಿತ್ತು. ಅಮೆರಿಕದಲ್ಲಿ ಭಾರತೀಯರಿಗೆ ಎದುರಾಗುವ ‘ನೀವು ಇಂಡಿಯನ್ ಭಾಷೆ ಮಾತಾಡ್ತೀರಾ’ ಎಂಬಂಥ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರಿಂದ ಉತ್ತರ ಹೇಳಿಸಿದ್ದಾರೆ. ಆ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿ ರಚನೆ ಮಾಡಿದ್ದಾರೆ. ಆ ರಚನೆಗಳಿಗೆ ಭಾಷೆಯದೇ ಹೆಸರು. ಕನ್ನಡ ಇದೆ, ಕೊಂಕಣಿ ಇದೆ, ಮಲಯಾಳಂ ಇದೆ. ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಿವಿಗೆ ಬೀಳುವ ಮೂರು ಭಾಷೆ ಒಂದೇ ಆಲ್ಬಮ್‌ನಲ್ಲಿ! ತುಳು ಇಲ್ಲ, ಬ್ಯಾರಿ ಇಲ್ಲ.

ಇಲ್ಲದ್ದನ್ನು ನಾನೇ ಮಾಡಿ ನೋಡುವ ಅಂತ ಹೊರಟೆ. ಅಮ್ಮ ಪಕ್ಕದ ಮನೆಯವರ ಹತ್ತಿರ ತುಳುವಿನಲ್ಲಿ ಮಾತಾಡುವುದನ್ನು, ಅವರಿಗೆ ಹೇಳಿಯೇ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಒಂದೇ ವಾಕ್ಯ ಆರಿಸಿಕೊಂಡೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಸಾಫ್ಟ್‌ವೇರ್ ಇದೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಶ್ರುತಿ ಬದಲಾಗದ ಹಾಗೆ ವೇಗ ಮಾತ್ರ ಕಡಿಮೆ ಮಾಡಬಹುದು. ಅರ್ಧ ವೇಗದಲ್ಲಿ ಕೇಳಿದರೆ ಮಾತು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಸ್ಪಷ್ಟವಾಗುತ್ತದೆ. ಮೊದಲು ಬಾಯಲ್ಲಿ ಹಾಡಿಕೊಳ್ಳಬೇಕು. ಆಮೇಲೆ ವಾದ್ಯ. ನೇರ ವಾದ್ಯ ಹಿಡಿದರೆ ಬೆರಳು ತನಗೆ ಅಭ್ಯಾಸವಾದ ರಾಗಕ್ಕೇ ಎಳೆಯುತ್ತದೆ. ಮಾತು ಯಾವ ರಾಗದ ಒಳಗೂ ಪೂರ್ತಿ ಕೂರುವುದಿಲ್ಲ. ಕೂರಿಸಲು ಹೋಗಬಾರದು. ನನಗೆ ಸಿಕ್ಕಿದ ದೊಡ್ಡ ಪಾಠ ಇದು. ಮದುವೆ ಮನೆಯಲ್ಲಿ ಆಲಾಪನೆ ಮಾಡುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬ ನನ್ನ ಲೆಕ್ಕವನ್ನೇ ಅದು ಬದಲಿಸಿತು.

ಹೆಸರಿನ ದಾರಿ ಅಲ್ಲಿಗೇ ಮುಗಿಯುವುದಿಲ್ಲ. ಪೈ ರೆಕಾರ್ಡಿಂಗ್ಸ್‌ನಲ್ಲಿಯೇ ಸ್ಟೀವ್ ಕೋಲ್ಮನ್ ಸಿಕ್ಕಿದರು, ಅವರೂ ಆಲ್ಟೋ. ಅವರ ತಂಡದಲ್ಲಿ ಗಿಟಾರ್ ನುಡಿಸಿದ ಮೈಲ್ಸ್ ಒಕಾಝಾಕಿ 2017ರಲ್ಲಿ ‘ಟ್ರಿಕ್‌ಸ್ಟರ್’ ತಂದರು, ಅದೂ ಅದೇ ಲೇಬಲ್. ಇದೇ ಒಕಾಝಾಕಿ 2019ರ ಇನ್ನೊಂದು ಆಲ್ಬಮ್‌ನಲ್ಲೂ ಇದ್ದಾರೆ. ಅದು ರಜ್ನಾ ಸ್ವಾಮಿನಾಥನ್ ಅವರ ‘ಆಫ್ ಏಜೆನ್ಸಿ ಆ್ಯಂಡ್ ಆ್ಯಬ್‌ಸ್ಟ್ರಾಕ್ಷನ್’. ಲೇಬಲ್ ಬಯೋಫಿಲಿಯಾ. ರಜ್ನಾ ನುಡಿಸುವುದು ಮೃದಂಗ! ಮೃದಂಗದವರೇ ಮುಂದೆ ಕೂತು ತುತ್ತೂರಿ, ಗಿಟಾರ್, ಬಾಸ್‌ಗಳನ್ನು ನಡೆಸುತ್ತಾರೆ. 2023ರಲ್ಲಿ ಅವರ ‘ಅಪರ್ಚರ್ಸ್’ ರೋಪ್‌ಅಡೋಪ್ ಲೇಬಲ್‌ನಿಂದ ಬಂತು. ನನಗೆ ಅದು ಇನ್ನೂ ಹಿಡಿಸಿತು. ಲಯ ಅಲ್ಲಿ ಎದ್ದು ಕುಣಿಯುವುದಿಲ್ಲ, ಒಳಗೆ ಹರಿಯುತ್ತದೆ.

ಈಗ ಕೊಳ್ಳುವ ವಿಷಯ. ಇಂಥ ಲೇಬಲ್‌ಗಳಲ್ಲಿ ಹೆಚ್ಚಿನವು ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರುವ ವೆಬ್‌ಸೈಟಿನಲ್ಲಿ ಇವೆ. ಸಾಮಾನ್ಯವಾಗಿ ಕೊಳ್ಳುವ ಮೊದಲು ಕೇಳಿ ನೋಡಬಹುದು. ಯಾರು ಏನು ನುಡಿಸಿದರು ಎಂದು ಪುಟದ ಕೆಳಗೆ ಬರೆದಿರುತ್ತಾರೆ. ನಾನು ಮೊದಲು ಓದುವುದು ಅದನ್ನೇ. ಕಲಾವಿದರನ್ನೋ ಲೇಬಲನ್ನೋ ಫಾಲೋ ಮಾಡಿದರೆ ಹೊಸದು ಬಂದಾಗ ಇಮೇಲ್ ಬರುತ್ತದೆ. 2015ರ ಜುಲೈಯಿಂದ ಜಗತ್ತಿನ ಹೆಚ್ಚಿನ ಕಡೆ ಹೊಸ ಆಲ್ಬಮ್ ಬಿಡುಗಡೆಯ ದಿನ ಶುಕ್ರವಾರ. ಹಾಗಾಗಿ ನನಗೆ ಶುಕ್ರವಾರ ಸಂಜೆ ಸ್ವಲ್ಪ ಹೊತ್ತು ಬಿಡುವು ಬೇಕೇ ಬೇಕು.

ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಆಲ್ಬಮ್ ಮಾರಾಟದಲ್ಲಿ ಸಾಮಾನ್ಯವಾಗಿ 15 ಶೇಕಡಾ ಇಟ್ಟುಕೊಳ್ಳುತ್ತದೆ. ಅಂದರೆ 10 ಡಾಲರಿನ ಆಲ್ಬಮ್‌ಗೆ ಒಂದೂವರೆ ಡಾಲರ್. ಹಣ ಪಾವತಿಯ ಖರ್ಚು ಬೇರೆ. ಉಳಿದದ್ದು ಲೇಬಲ್‌ಗೋ ಕಲಾವಿದರಿಗೋ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ, ಆಯ್ದ ಕೆಲವು ಶುಕ್ರವಾರ ತಮ್ಮ ಪಾಲನ್ನೂ ಬಿಟ್ಟುಕೊಡುವ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಶುರು ಮಾಡಿದರು. ಆಗ ನಮ್ಮ ಕಡೆಯ ಓಲಗದವರಿಗೂ ಕೆಲಸ ಇರಲಿಲ್ಲ. ಆ ಸಂಕಟ ಗೊತ್ತಿದ್ದದ್ದರಿಂದ ನಾನು ಇವತ್ತಿಗೂ ಆದಷ್ಟು ಆ ದಿನವೇ ಕೊಳ್ಳುತ್ತೇನೆ. ಅವರ ಶುಕ್ರವಾರ ಕ್ಯಾಲಿಫೋರ್ನಿಯಾದ ಗಡಿಯಾರದ ಪ್ರಕಾರ. ನಮಗೆ ಅದು ಶುಕ್ರವಾರ ಮಧ್ಯಾಹ್ನ 12.30ಕ್ಕೆ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಯ ಚಳಿಗಾಲದಲ್ಲಿ 1.30. ಶುಕ್ರವಾರ ಕಾರ್ಯಕ್ರಮ ಇದ್ದರೂ ಶನಿವಾರ ಬೆಳಿಗ್ಗೆ ಕೊಳ್ಳಬಹುದು ಅಂತಾಯಿತು.

ನಮ್ಮ ಡೆಬಿಟ್ ಕಾರ್ಡುಗಳಲ್ಲಿ ಹೊರದೇಶದ ಪಾವತಿ ಮೊದಲಿಗೆ ಬಂದ್ ಇರುವುದೇ ಹೆಚ್ಚು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಸಣ್ಣ ಮಿತಿ ಹಾಕಿ, ಕೊಂಡ ಮೇಲೆ ಪುನಃ ಆಫ್ ಮಾಡಿ. ಡೌನ್‌ಲೋಡ್ ಮಾಡುವಾಗ ಧ್ವನಿಯ ಗುಣಮಟ್ಟ ಕೆಡದ ಫ್ಲ್ಯಾಕ್ ಫೈಲ್ ತೆಗೆದುಕೊಳ್ಳಿ. ಒಂದು ಗಂಟೆಯ ಆಲ್ಬಮ್ ಸಿ.ಡಿ. ಗುಣಮಟ್ಟದಲ್ಲಿ ಸುಮಾರು 300ರಿಂದ 400 ಎಂ.ಬಿ. ಆಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವ ಹಾಗಿಲ್ಲ. ಫೈಲ್ ಕೈಯಲ್ಲಿದ್ದರೆ ಚಿಂತೆಯಿಲ್ಲ. ಎಲ್.ಪಿ. (ಗ್ರಾಮಫೋನ್ ತಟ್ಟೆ) ಮಾತ್ರ ತರಿಸಬೇಡಿ ಎಂದೇ ಹೇಳುತ್ತೇನೆ. ಅಂಚೆ ಖರ್ಚು, ಸುಂಕ ಎಲ್ಲ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಜೂನ್ ಬಂದರೆ ಕವರಿಗೆ ಬೂಸ್ಟು ಹಿಡಿಯುತ್ತದೆ.

ಲೇಬಲ್ ಸಣ್ಣದು ಅಂದರೆ ಸಂಗೀತ ಸಣ್ಣದಲ್ಲ. ಸ್ಯಾಕ್ಸೋಫೋನ್ ವಾದಕ ಹೆನ್ರಿ ಥ್ರೆಡ್‌ಗಿಲ್ ಅವರಿಗೆ 2016ರ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂದದ್ದು ಪೈ ರೆಕಾರ್ಡಿಂಗ್ಸ್ ತಂದ ಆಲ್ಬಮ್‌ಗೆ. ಝೂರಿಕ್‌ನ ಇಂಟಾಕ್ಟ್ ಲೇಬಲ್ 1986ರಿಂದ ನಡೆದುಕೊಂಡು ಬಂದಿದೆ. ಲಿಸ್ಬನ್‌ನ ಕ್ಲೀನ್ ಫೀಡ್ ಶುರುವಾದದ್ದು 2001ರಲ್ಲಿ. ಷಿಕಾಗೋದ ಇಂಟರ್‌ನ್ಯಾಷನಲ್ ಆ್ಯಂಥಮ್ ಇನ್ನೂ ಹೊಸಬರು, 2014. ಡ್ರಮ್ಸ್ ವಾದಕ ಮಕಾಯಾ ಮೆಕ್‌ಕ್ರೇವನ್ ಅವರ ‘ಇನ್ ದ ಮೊಮೆಂಟ್’ ಬಂದದ್ದು ಇವರಿಂದಲೇ. ವೇದಿಕೆಯಲ್ಲಿ ಮನೋಧರ್ಮದಿಂದ, ಅಂದರೆ ಆ ಕ್ಷಣಕ್ಕೆ ಹೊಳೆದ ಹಾಗೆ, ನುಡಿಸಿದ್ದನ್ನು ಆಮೇಲೆ ಕತ್ತರಿಸಿ, ಜೋಡಿಸಿ ಮಾಡಿದ ಆಲ್ಬಮ್ ಅದು. ನಮ್ಮ ಡೋಲಿನವರಿಗೆ ಬಹಳ ಇಷ್ಟ.

ಒಬ್ಬನೇ ಕೇಳಿದರೆ ಅರ್ಧವೇ ಕೇಳಿದ ಹಾಗೆ. ಕಾರ್ಯಕ್ರಮ ಕಡಿಮೆ ಇರುವ ಮಳೆಗಾಲದಲ್ಲಿ ನಮ್ಮ ಮನೆ ಚಾವಡಿಯಲ್ಲಿ ಕೂರುತ್ತೇವೆ. ಯಕ್ಷಗಾನಕ್ಕೆ ಮದ್ದಳೆ ನುಡಿಸುವ ಭಟ್ರು ಬರುತ್ತಾರೆ. ರಜ್ನಾ ಅವರ ಆಲ್ಬಮ್ ಹಾಕಿದ ದಿನ ಅವರು ತೊಡೆ ಮೇಲೆ ತಾಳ ಹಾಕುತ್ತಾ, “ಎಂತ ಮಾರಾಯ್ರೇ, ಸಮ ಎಲ್ಲುಂಟು ಇದರಲ್ಲಿ?” ಅಂದರು. ಸಮ ಅಂದರೆ ತಾಳದ ಸುತ್ತು ಶುರುವಾಗುವ ಪೆಟ್ಟು. ಪುನಃ ಹಾಕಿಸಿದರು. ಮೂರನೆಯ ಸಲ ಮಾತಾಡದೆ ಕೇಳಿ, “ಉಂಟು, ಹೇಳಿಕೊಂಡು ಬರುವುದಿಲ್ಲ ಅಷ್ಟೆ” ಅಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಈಗ ನಾವಿಬ್ಬರೂ ಅಮ್ಮನ ಆ ತುಳು ವಾಕ್ಯವನ್ನು ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, ತರಲು ನೋಡುತ್ತಿದ್ದೇವೆ. ಕೊನೆಯಲ್ಲಿ ಅರ್ಧ ಅಕ್ಷರ ಕಾಲ, ಅಂದರೆ ತಾಳದ ಅರ್ಧ ಎಣಿಕೆ, ಉಳಿಯುತ್ತದೆ. ಅಲ್ಲಿ ಕಾರ್ವೆ ಹಾಕಿ, ಅಂದರೆ ಸ್ವರವನ್ನು ಎಳೆದು ನಿಲ್ಲಿಸಿ, ತುಂಬಿಸುವ ಎಂದು ನಾನು. ಮಾತು ಮುಗಿದಲ್ಲಿ ಮುಗಿಯಲಿ, ಉಳಿದದ್ದನ್ನು ಮದ್ದಳೆಗೆ ಬಿಡಿ ಎಂದು ಭಟ್ರು. ಸದ್ಯಕ್ಕೆ ಅವರು ಹೇಳಿದ ಹಾಗೇ ನುಡಿಸುತ್ತಿದ್ದೇವೆ.