ಹಾಫ್‌ಸ್ಟ್ಯಾಡ್ಟರ್ ಮೊದಲ ಮುದ್ರಣ: ಗುರುತಿಸುವುದು ಹೇಗೆ, ಮಲೆನಾಡಿನ ಮಳೆಗಾಲ ದಾಟಿಸುವುದು ಹೇಗೆ

ಚಿಕ್ಕಮಗಳೂರು, ಸಕಲೇಶಪುರದ ಕಡೆ ಹಳೇ ಎಸ್ಟೇಟ್ ಬಂಗಲೆಯ ಕಪಾಟು ಖಾಲಿ ಮಾಡುವಾಗ ಅಮೆರಿಕದ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟ್ಯಾಡ್ಟರ್ ಅವರ ‘ಆಂಟಿ-ಇಂಟೆಲೆಕ್ಚುಯಲಿಸಂ ಇನ್ ಅಮೆರಿಕನ್ ಲೈಫ್’ ಕೈಗೆ ಸಿಕ್ಕಿತು ಅನ್ನಿ. ಅಮೆರಿಕದ ಚಿಂತನೆಯ ಇತಿಹಾಸ ಓದುವವರು ಬಿಡಲಾಗದ ಪುಸ್ತಕ ಇದು. 1963ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಎ. ನಾಫ್ ಪ್ರಕಟಿಸಿತು, 1964ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಈ ಎರಡು ಇಸವಿ ನೆನಪಿದ್ದರೆ, ಕೈಲಿರುವುದು ಮೊದಲ ಮುದ್ರಣವೇ ಎಂಬ ಪರೀಕ್ಷೆ ಅರ್ಧ ಮುಗಿದ ಹಾಗೆ.

ಮೊದಲು ಶೀರ್ಷಿಕೆ ಪುಟದ ಹಿಂಬದಿ ತೆರೆಯಿರಿ. ಆ ಕಾಲದಲ್ಲಿ ನಾಫ್ ಮೊದಲ ಮುದ್ರಣಕ್ಕೆ ‘ಫಸ್ಟ್ ಎಡಿಷನ್’ ಎಂದೇ ಅಚ್ಚು ಹಾಕುತ್ತಿತ್ತು. ‘ಸೆಕೆಂಡ್ ಪ್ರಿಂಟಿಂಗ್’ ಎಂದಿದ್ದರೆ ಮರುಮುದ್ರಣ. ಕಾಪಿರೈಟ್ ಇಸವಿಯನ್ನೊಂದೇ ನಂಬಬೇಡಿ, ಅದು ಮರುಮುದ್ರಣದಲ್ಲೂ 1963 ಅಂತಲೇ ಇರುತ್ತದೆ.

ಆಮೇಲೆ ಜಾಕೆಟ್, ಅಂದರೆ ರಟ್ಟಿನ ಮೇಲೆ ಹೊದಿಸಿದ ಅಚ್ಚಾದ ಕಾಗದ. ಅದರ ಮೇಲೆ ಪುಲಿಟ್ಜರ್ ಪ್ರಸ್ತಾಪವೋ ಐಎಸ್‌ಬಿಎನ್ ಎಂಬ ಪುಸ್ತಕ ಸಂಖ್ಯೆಯೋ ಇದ್ದರೆ ಅದು 1963ರ ಜಾಕೆಟ್ ಅಲ್ಲ. ಒಳಗಿರುವುದು ಮೊದಲ ಮುದ್ರಣವಾಗಿದ್ದರೆ, ಬೇರೆ ಪ್ರತಿಯ ಜಾಕೆಟ್ ತೊಡಿಸಿದ್ದಾರೆ ಎಂದರ್ಥ. ಒಳಮಡಿಕೆಯಲ್ಲಿ ಡಾಲರ್ ಬೆಲೆ ಇರಬೇಕು. ಆ ಮೂಲೆ ಕತ್ತರಿಸಿದ್ದರೆ ಪ್ರತಿಯ ಬೆಲೆ ಇಳಿಯುತ್ತದೆ. ಬೆಲೆಯೇ ಅಚ್ಚಾಗಿರದಿದ್ದರೆ ಬುಕ್ ಕ್ಲಬ್ ಪ್ರತಿ (ಕ್ಲಬ್ಬಿನ ಸದಸ್ಯರಿಗೆಂದೇ ಅಚ್ಚಾದದ್ದು) ಇರಬಹುದು: ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ, ಬೆನ್ನಿನ ಹತ್ತಿರ, ಬಣ್ಣವಿಲ್ಲದೆ ಒತ್ತಿದ ಸಣ್ಣ ಗುಳಿ ಹುಡುಕಿ. ನೇರ ಬೆಳಕಿನಲ್ಲಿ ಅದು ಕಾಣುವುದಿಲ್ಲ. ಟಾರ್ಚನ್ನು ಅಡ್ಡ ಹಿಡಿದು ಬೆರಳಾಡಿಸಿದರೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಕಾಪಿರೈಟ್ ಪುಟ, ಎರಡೂ ಒಳಮಡಿಕೆ, ಬೆನ್ನು, ಜಾಕೆಟ್ ತೆಗೆದ ಹಿಂದಿನ ರಟ್ಟು, ಇಷ್ಟರ ಫೋಟೋ ಬರುವವರೆಗೆ ದುಡ್ಡು ಹಾಕಬಾರದು.

ಇಂಥ ಪುಸ್ತಕದ ಬೆಲೆಯಲ್ಲಿ ದೊಡ್ಡ ಪಾಲು ಜಾಕೆಟ್ಟಿನದೇ. 50 ಮೈಕ್ರಾನ್ ಪಾಲಿಯೆಸ್ಟರ್ ಹಾಳೆ ಹೊದಿಸಿ, ಅಂಟು ಎಲ್ಲೂ ಜಾಕೆಟ್ಟಿಗೆ ತಾಗದಂತೆ ಮಡಚಿ. ಹರಿದ ಕಡೆ ಸೆಲೋಟೇಪ್ ಖಂಡಿತ ಬೇಡ: ಅಂಟು ಕಾಗದದೊಳಗೆ ಇಳಿದು ಹಳದಿ ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಹಿಂದಕ್ಕೆ ಬರುವ ದಾರಿಯೇ ಇಲ್ಲ.

ನಮ್ಮ ಕಡೆ ನಿಜವಾದ ಶತ್ರು ಥಂಡಿ. ಗಾಳಿಯ ತೇವಾಂಶ 65 ಶೇಕಡಾ ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುತ್ತದೆ. ಹಾಸನ ಪೇಟೆಯಲ್ಲಿ, ಹೊರಗೋಡೆಯಿಂದ ನಾಲ್ಕು ಬೆರಳು ಸರಿಸಿಟ್ಟ ಕಪಾಟು ಸಾಕಾದೀತು. ಮೂಡಿಗೆರೆ, ಕೊಪ್ಪದ ಕಡೆ ಆರಿದ್ರಾದಿಂದ ಆಶ್ಲೇಷದವರೆಗೆ ಅದನ್ನು ನಂಬುವಂತಿಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ ಬೇಕು. 20 ಲೀಟರಿನ ಡಬ್ಬಿಗೆ ಕಾಲು ಕಿಲೋ ಕಿತ್ತಳೆ ಬಣ್ಣದ, ತೇವ ಹೀರುವ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿ ಹಾಕಿ, ಜೊತೆಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಇಡಿ. ಮುಳ್ಳು 45ರಿಂದ 55ರೊಳಗಿರಲಿ. 40ಕ್ಕಿಂತ ಕೆಳಗಿಳಿದರೆ ಸ್ವಲ್ಪ ಜೆಲ್ ತೆಗೆಯಿರಿ, ಅತಿ ಒಣಗಿದರೆ ರಟ್ಟು ಬಾಗುತ್ತದೆ. ಜೆಲ್ ಬಣ್ಣ ತಿರುಗಿದಾಗ ಚೀಲದಿಂದ ತಟ್ಟೆಗೆ ಸುರಿದು ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಡಬ್ಬಿ ಮುಚ್ಚುವ ದಿನವೂ ಮುಖ್ಯ. ಮೃಗಶಿರಾ ಹಿಡಿಯುವ ಮೊದಲೇ, ಒಣಹವೆಯ ಮಧ್ಯಾಹ್ನ ತುಂಬಿಡಿ. ಜುಲೈನಲ್ಲಿ ಥಂಡಿ ಹೀರಿದ ಪುಸ್ತಕವನ್ನು ಡಬ್ಬಿಗೆ ಹಾಕಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ನ್ಯೂಸ್‌ಪೇಪರ್ ಸುತ್ತಬೇಡಿ, ಅದರ ಆಮ್ಲ ಪುಸ್ತಕಕ್ಕೆ ಇಳಿಯುತ್ತದೆ. ನುಸಿಗುಳಿಗೆಯೂ ಬೇಡ.

ಬೂಷ್ಟು ಬಂದೇಬಿಟ್ಟಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಕಲೆ ಬಟ್ಟೆರಟ್ಟಿನೊಳಗೆ ಹರಡುತ್ತದೆ. ಬಿಸಿಲಿಗೂ ಇಡಬೇಡಿ, ಬೆನ್ನಿನ ಬಣ್ಣ ಹೋಗುತ್ತದೆ. ಪುಸ್ತಕವನ್ನು ಫ್ಯಾನ್ ಇರುವ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಬೂಷ್ಟು ಪುಡಿಯಾದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ನಿಂತು, ಮೃದುವಾದ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಸವರಿ.

ಹುಳ ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಬಿಡಿ. ಹೊರತೆಗೆದ ಮೇಲೆ ಪೂರ್ತಿ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ.