ಗುಜರಿಯ ಕಿಟಕಿ, ಅವ್ವನ ಸೀರೆ

ಕಡಿಮೆ ಖರ್ಚಿನಲ್ಲಿ ಮನೆ ಅಂದ ಮಾಡೋಣ ಅಂತ ಹೊರಟಾಗ ನಾನು ಮೊದಲು ಕೈ ಹಾಕಿದ್ದು ಖಾಲಿ ಬಾಟಲಿಗಳಿಗೆ. ಬಣ್ಣ ಬಳಿದೆ, ಸೆಣಬಿನ ದಾರ ಸುತ್ತಿದೆ, ಮೇಲೆ ಲೇಸ್ ಅಂಟಿಸಿದೆ. ಒಂದೇ ಮಳೆಗಾಲಕ್ಕೆ ದಾರಕ್ಕೆಲ್ಲ ಬೂಷ್ಟು ಹಿಡಿಯಿತು, ಬಣ್ಣ ಸಿಪ್ಪೆ ಎದ್ದು ಬಂತು, ಅಷ್ಟನ್ನೂ ಕಸದ ಗಾಡಿಗೆ ಹಾಕಿದೆ. ಬಣ್ಣ, ಗೋಂದು, ಬ್ರಷ್ ಅಂತ ಅದಕ್ಕೆ 700 ರೂಪಾಯಿ ಹೋಗಿತ್ತು. ಅಷ್ಟು ದುಡ್ಡಿಗೆ ಒಳ್ಳೇ ಮರವೇ ಸಿಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಈಗ ನಾನು ನೋಡುವುದು ಒಂದೇ: ಇದು ಯಾವುದರಲ್ಲಿ ಮಾಡಿದ್ದು? ಮರ, ಹಿತ್ತಾಳೆ, ಕೈಮಗ್ಗದ ಬಟ್ಟೆ ಆದರೆ ಎಷ್ಟೇ ಕೊಳೆ ಇದ್ದರೂ ತರುತ್ತೇನೆ. ತೊಳೆದು, ಉಜ್ಜಿ, ಆದಷ್ಟೂ ಹಾಗೇ ಇಡುತ್ತೇನೆ.

ಕಿಟಕಿ ಸಿಕ್ಕಿದ್ದು ಮನೆ ಹತ್ತಿರದ ಗುಜರಿಯಲ್ಲಿ. ಪಕ್ಕದ ಬೀದಿಯಲ್ಲಿ ಯಾರೋ ಹಳೇ ಮನೆ ಒಡೆದಿದ್ದರು, ಅದರ ಸಾಮಾನು ಗೋಡೆಗೆ ಒರಗಿಸಿತ್ತು. "ಗಾಜಿಲ್ಲ, ಬಾಗಿಲಿಲ್ಲ, ಬರೀ ಚೌಕಟ್ಟು ತಗೊಂಡು ಏನ್ ಮಾಡ್ತೀರಾ ಮೇಡಂ?" ಅಂದರು ಅಂಗಡಿಯವರು. "ಕನ್ನಡಿ ಕೂರಿಸ್ತೀನಿ ಅಣ್ಣಾ" ಅಂದೆ. ಐನೂರು ಹೇಳಿದ್ದು 350ಕ್ಕೆ ಇಳಿಯಿತು. ದುಡ್ಡು ಕೊಡುವ ಮೊದಲು ಎರಡು ಪರೀಕ್ಷೆ ಮಾಡಿದೆ. ಒಂದು ಕಡೆ ಎತ್ತಿ ನೋಡಿದೆ, ಒಳ್ಳೇ ಮರ ಆದರೆ ಕೈಗೆ ಭಾರ ತಿಳಿಯುತ್ತದೆ. ಆಮೇಲೆ ಅದನ್ನು ನೆಲಕ್ಕೆ ಕುಟ್ಟಿ, ಕೆಳಗೆ ನೋಡಿದೆ. ಸಣ್ಣ ಹಿಟ್ಟು ಉದುರಿದರೆ ಒಳಗೆ ಹುಳ ಇದೆ ಅಂತ ಅರ್ಥ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬಾರದು, ಮನೆಯ ಬೇರೆ ಮರಕ್ಕೂ ಹತ್ತುತ್ತದೆ.

ಬಣ್ಣ ಕೆರೆಯುವುದಕ್ಕೆ ಮೂರು ಭಾನುವಾರ ಹಿಡಿಯಿತು. ಮೇಲೆ ಕಂದು, ಅದರ ಕೆಳಗೆ ಹಸಿರು, ಅದರಡಿ ತಿಳಿನೀಲಿ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಳೇ ಪೇಂಟಿನಲ್ಲಿ ಸೀಸ ಅನ್ನುವ ವಿಷದ ಲೋಹ ಇರಬಹುದು. ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ಒಣಗಿದ ಬಣ್ಣವನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ಕೆರೆಯಿರಿ, ಒಳ್ಳೇ ಮಾಸ್ಕ್ ಹಾಕಿಕೊಳ್ಳಿ, ಚಿಕ್ಕ ಮಕ್ಕಳು ಬಸುರಿಯರು ಇರುವ ಮನೆಯಾದರೆ ಈ ಕೆಲಸವೇ ಬೇಡ, ಬಣ್ಣ ಹೊಡೆಯದ ಬರೀ ಮರ ಹುಡುಕಿ. ನಾನು ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಾಡಿದೆ. ಸಿಪ್ಪೆಯನ್ನೆಲ್ಲ ಅದರಲ್ಲೇ ಸುತ್ತಿ ಕಟ್ಟಿ, ಬೇರೆ ಕಸದ ಜೊತೆ ಸೇರಿಸದೆ, ಏನು ಅಂತ ಹೇಳಿಯೇ ಕೊಟ್ಟೆ.

ಬಣ್ಣ ಪೂರ್ತಿ ಹೋದ ಮೇಲೆ 80ರ ಒರಟು ಸ್ಯಾಂಡ್‌ಪೇಪರ್, ಆಮೇಲೆ 120, ಕೊನೆಗೆ 220ರ ನಯವಾದದ್ದು. ಮರದ ಎಳೆ ಇರುವ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಬಿದ್ದ ಗೀರು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿದೆ. ಎಣ್ಣೆ ತಾಗಿದ ತಕ್ಷಣ ಬೂದುಬಣ್ಣದ ಆ ಮರ ಬೆಲ್ಲದ ಬಣ್ಣಕ್ಕೆ ತಿರುಗಿತು ನೋಡಿ, ಮೂರು ವಾರದ ತೋಳುನೋವು ಅಲ್ಲೇ ಮರೆತುಹೋಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ ಹೊರಗೆ ಹರವಿ.

ಕನ್ನಡಿಯನ್ನು ಗಾಜಿನ ಅಂಗಡಿಯಲ್ಲಿ 4 ಎಂಎಂ ದಪ್ಪದ್ದು ಕತ್ತರಿಸಿಕೊಂಡೆ. ಎರಡಡಿ ಮೂರಡಿಯ ಅಳತೆಗೆ ಅದೇ ಐದೂವರೆ ಕೆಜಿ ತೂಗುತ್ತದೆ, ಚೌಕಟ್ಟಿನ ಭಾರ ಬೇರೆ. ಬಾಡಿಗೆ ಮನೆ, ಮೊಳೆ ಹೊಡೆಯುವ ಹಾಗಿಲ್ಲ. ಅದಕ್ಕೇ ನೆಲದ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿದೆ, ಜಾರದಿರಲಿ ಅಂತ ಅಡಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ಕಂಬಿ ಕೂತಿದ್ದ ತೂತುಗಳನ್ನು ಮುಚ್ಚಲಿಲ್ಲ. ಅವು ಇದ್ದರೇ ತಾನೇ ಅದು ಕಿಟಕಿ.

ಹಿತ್ತಾಳೆಗೆ ನನ್ನ ಜಾಗ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್. ಬೇಗ ಹೋಗಬೇಕು, ಬಿಸಿಲೇರಿದರೆ ಕಾಲಿಡಲು ಜಾಗ ಇರುವುದಿಲ್ಲ. ಜೇಬಿನಲ್ಲಿ ಫ್ರಿಜ್‌ಗೆ ಅಂಟಿಸುವ ಒಂದು ಮ್ಯಾಗ್ನೆಟ್ ಇಟ್ಟುಕೊಂಡಿರುತ್ತೇನೆ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಅಲ್ಲಿ ತಂದ, ಕಾಳು ಅಳೆಯುವ ಹಿತ್ತಾಳೆ ಸೇರು ಕರ್ರಗಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಸಾಕು, ಆದರೆ ಹಚ್ಚಿ ಹಾಗೇ ಬಿಡಬಾರದು. ಮೊದಲ ಸಲ ರಾತ್ರಿಯಿಡೀ ಬಿಟ್ಟಿದ್ದೆ. ಹುಳಿ ಹಿತ್ತಾಳೆಯಲ್ಲಿದ್ದ ಸತುವನ್ನು ಎಳೆದುಕೊಂಡು, ಅಲ್ಲಲ್ಲಿ ತಾಮ್ರದ ಹಾಗೆ ಕೆಂಪು ಕಲೆ ಉಳಿಯಿತು. ಈಗ ಎರಡು ಮೂರು ನಿಮಿಷಕ್ಕೆ ತೊಳೆದು ಒರೆಸುತ್ತೇನೆ. ಗಿಡವನ್ನು ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಸೇರಿನೊಳಗೆ ಇಟ್ಟಿದ್ದೇನೆ, ಒದ್ದೆ ಮಣ್ಣು ಹಿತ್ತಾಳೆಗೆ ತಾಗದ ಹಾಗೆ.

ಇನ್ನು ಸೀರೆ. ಅವ್ವನ ಹಳೇ ಇಳಕಲ್ ಸೀರೆ, 9 ಗಜದ್ದು, ಒಡಲು ಒಂದೆರಡು ಕಡೆ ಜಾಳಾಗಿತ್ತು. ಪರದೆ ಮಾಡ್ತೀನಿ ಅಂತ ಫೋನ್ ಮಾಡಿದೆ. "ಏನ್ ಬೇಕಾದ್ ಮಾಡವಾ, ತೆನಿಗೆ ಮಾತ್ರ ಕತ್ತರಿ ಹಾಕಬ್ಯಾಡ" ಅಂದಳು. ಅವಳು ಹೇಳಿದ್ದು ಸೆರಗಿನ ಬಗ್ಗೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು) ಬೇರೆ, ರೇಷ್ಮೆ ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಜೋಡಿಸಿ ನೇಯುತ್ತಾರೆ. ಆ ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿ ಎತ್ತಲು ಮನಸ್ಸೇ ಬರುವುದಿಲ್ಲ.

ಕತ್ತರಿ, ಹೊಲಿಗೆ ಎರಡೂ ಇಲ್ಲದೆ ದಾರಿ ಹುಡುಕಿದೆ. ಸೀರೆಯ ಅಗಲ ಸುಮಾರು ನಾಲ್ಕಡಿ, ನಮ್ಮ ಹಾಲ್‌ನ ಕಿಟಕಿಯ ಎತ್ತರವೂ ಅಷ್ಟೇ. ಒಂಬತ್ತು ಗಜ ಅಂದರೆ ಸುಮಾರು ಎಂಟು ಮೀಟರ್, ಅದನ್ನು ಎರಡು ಪದರ ಮಡಚಿ, ಸೆರಗು ಮುಂದೆ ಬರುವ ಹಾಗೆ ಅಡ್ಡಕ್ಕೆ ಹಿಡಿದು, ಕ್ಲಿಪ್ ಇರುವ ರಿಂಗುಗಳಿಗೆ ಸಿಕ್ಕಿಸಿದೆ. ಜಾಳಾದ ಕಡೆಗಳು ನೆರಿಗೆಯಲ್ಲಿ ಮುಚ್ಚಿಹೋದವು. ಅಂಚು ಕೆಳಗೆ ಸಾಲಾಗಿ ಬಂತು, ಕೆಂಪು ಸೆರಗು ಒಂದು ಬದಿಗೆ ನಿಂತಿತು. ರಿಂಗು, ಮೊಳೆ ಬೇಡದ ಸ್ಪ್ರಿಂಗ್ ರಾಡು ಸೇರಿ 420 ರೂಪಾಯಿ. ಮೊದಲು ಪಡುವಣ ಕಿಟಕಿಗೆ ಹಾಕೋಣ ಅಂತಿದ್ದೆ, ಸಂಜೆ ಬಿಸಿಲಿಗೆ ಬಣ್ಣ ಹಾರಿಹೋಗುತ್ತದೆ ಅಂತ ಬಡಗಣ ಕಿಟಕಿಗೆ ಹಾಕಿದೆ.

ಯುಗಾದಿಗೆ ಅವ್ವ ಬಂದಳು. ಚಪ್ಪಲಿ ಬಿಟ್ಟವಳೇ ಸೀದಾ ಕಿಟಕಿ ಹತ್ತಿರ ಹೋಗಿ, ತೆನಿ ಇರುವ ಕಡೆ ಬೆರಳಾಡಿಸಿ, ಒಂದೂ ಕತ್ತರಿ ಬಿದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡಳು. ಆಮೇಲೇ ನೀರು ಕೇಳಿದ್ದು.