ನಾಲ್ಕಡಿ ಟ್ಯಾಂಕಿಗೆ ಕೂಲರ್ ಪಂಪು

ನಮ್ಮ ಹಾಲ್‌ನಲ್ಲಿರುವ ಮೀನಿನ ಟ್ಯಾಂಕು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 250 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನೀರು 200 ಲೀಟರ್ ಇರಬಹುದು. ವಾರಕ್ಕೊಮ್ಮೆ ಅದರಲ್ಲಿ 60 ಲೀಟರ್ ತೆಗೆದು ಹೊಸ ನೀರು ಹಾಕಬೇಕು. ಟ್ಯಾಂಕು ತಂದ ಹೊಸದರಲ್ಲಿ ಇದು ಖುಷಿಯ ಕೆಲಸವಾಗಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ಭಾನುವಾರ ಬಂತು ಅಂದ್ರೆ ಬಕೆಟ್ ನೆನಪಾಗಿ ಬೇಜಾರಾಗುತ್ತಿತ್ತು.

ಒಂದು ಬಕೆಟ್‌ಗೆ 15 ಲೀಟರ್. ನಾಲ್ಕು ಸಲ ಕೊಳೆ ನೀರು ಹೊತ್ತು ಬಚ್ಚಲಿಗೆ, ನಾಲ್ಕು ಸಲ ಹೊಸ ನೀರು ಹೊತ್ತು ಹಾಲ್‌ಗೆ. ಹೊರೋದು ಹೇಗೋ ಆಗುತ್ತದೆ. ಆದರೆ ತುಂಬಿದ ಬಕೆಟ್ಟನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು, ಮೀನು ಗಾಬರಿಯಾಗದ ಹಾಗೆ, ಮರಳು ಏಳದ ಹಾಗೆ, ಗಿಡ ಕಿತ್ತು ಬರದ ಹಾಗೆ ಸಣ್ಣಗೆ ಸುರಿಯಬೇಕಲ್ಲ, ಸೊಂಟ ಹಿಡಿದುಕೊಳ್ಳುವುದು ಅಲ್ಲೇ. ಆಮೇಲೆ ಏನಾಯಿತು ಅಂತ ಮೀನು ಸಾಕಿದವರಿಗೆಲ್ಲ ಗೊತ್ತು. ಈ ವಾರ ಬೇಡ, ಮುಂದಿನ ವಾರ ಮಾಡೋಣ ಅಂತ ಶುರುವಾಯಿತು. ನೀರು ಬದಲಿಸಿ ಮೂರು ವಾರ ಆಗಿದ್ದೂ ಇದೆ. ಗಾಜಿನ ಮೇಲೆ ಪಾಚಿ ಕಟ್ಟಿತು. ಮೀನಿನ ಕೊಳೆಯಿಂದ ನೀರಿನಲ್ಲಿ ಸೇರಿಕೊಳ್ಳುವ ನೈಟ್ರೇಟ್ ಎಷ್ಟಿದೆ ಅಂತ ಟೆಸ್ಟ್ ಮಾಡಿದರೆ ಟ್ಯೂಬಿನ ಬಣ್ಣ ಕೆಂಪಗೆ ತಿರುಗುತ್ತಿತ್ತು, ಅಂದ್ರೆ ಜಾಸ್ತಿಯಾಗಿದೆ ಅಂತ.

ಒಂದು ದಿನ ಬಕೆಟ್ ಕೆಳಗಿಟ್ಟು ಸುಧಾರಿಸಿಕೊಳ್ಳುವಾಗ ನಗು ಬಂತು. ನಾವಿರುವುದು ಬೆಂಗಳೂರಿನಲ್ಲಿ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿ ಅಂತ ಪಂಪಿನ ಮೇಲೆ ಪಂಪು ದಾಟಿ, ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಏರಿ ಬರುತ್ತದೆ. ಅಷ್ಟು ದೂರ ಮೆಷಿನ್ ಮೇಲೆ ಬಂದ ನೀರನ್ನು ಕೊನೆಯ ನಾಲ್ಕು ಅಡಿಗೆ ನಾನು ಕೈಯಲ್ಲಿ ಎತ್ತುತ್ತಿದ್ದೆ! ಅವತ್ತೇ ಸಂಜೆ ಹೋಗಿ ಏರ್ ಕೂಲರ್‌ಗೆ ಹಾಕುವ ಪುಟ್ಟ ಪಂಪು ತಂದೆ. 18 ವ್ಯಾಟ್. ಮುನ್ನೂರು ರೂಪಾಯಿ ಚಿಲ್ಲರೆ.

ಮೊದಲು ಮಾಡಿದ್ದು ತಪ್ಪು ಕೆಲಸ. ಪಂಪನ್ನು ಟ್ಯಾಂಕಿನೊಳಗೆ ಬಿಟ್ಟು ಹಳೇ ನೀರು ಹೊರಗೆ ಎಳೆಸಿದೆ. ನೀರೇನೋ ಬೇಗ ಹೋಯಿತು. ಆದರೆ ಮರಳಿನೊಳಗಿನ ಕೊಳೆ ಹೋಗಲಿಲ್ಲ, ಬರೀ ಮೇಲಿನ ನೀರು ಹೋಯಿತು. ಪಂಪು ತಳಕ್ಕೆ ಕೂತಾಗ ಮರಳನ್ನೂ ಎಳೆದುಕೊಂಡಿತು, ಒಳಗೆ ಕರಕರ ಸದ್ದು. ಪ್ಲಗ್ ಕಿತ್ತು, ಮುಂದಿನ ಜಾಲರಿ ಬಿಚ್ಚಿ ನೋಡಿದರೆ ತಿರುಗುವ ರೆಕ್ಕೆಗೆ ಒಂದು ಬಸವನಹುಳ ಸಿಕ್ಕಿಕೊಂಡಿದೆ, ಪಕ್ಕದಲ್ಲಿ ಗಪ್ಪಿ ಮರಿಯ ಬಾಲ. ಆ ಮರಿಗಳು ಹುಟ್ಟಿ ನಾಲ್ಕು ದಿನ ಆಗಿತ್ತು ಅಷ್ಟೆ. ಸ್ಪಂಜ್ ಕಟ್ಟಿದ್ದರೆ ಉಳಿಯುತ್ತಿತ್ತು, ನಿಜ. ಆದರೆ ಸ್ಪಂಜ್ ಕಟ್ಟಿದರೆ ಕೊಳೆ ಬರುವುದೇ ಇಲ್ಲ, ಮತ್ತೆ ಯಾಕೆ ಪಂಪು?

ಆಗ ಹೊಳೆದಿದ್ದು ಇಷ್ಟು. ಖಾಲಿ ಮಾಡೋಕೆ ಪಂಪ್ ಬೇಡವೇ ಬೇಡ. ನೀರು ಮೇಲಿನಿಂದ ಕೆಳಗೆ ತಾನೇ ಇಳಿಯುತ್ತದೆ. ಟ್ಯಾಂಕಿನ ತಳವೇ ನೆಲದಿಂದ ಎರಡೂವರೆ ಅಡಿ ಮೇಲಿದೆ, ಯುಟಿಲಿಟಿಯ ನೀರು ಹೋಗುವ ಜಾಲರಿ ನೆಲಮಟ್ಟದಲ್ಲಿದೆ. ಒಂದು ತುದಿಗೆ ಮರಳು ಕ್ಲೀನ್ ಮಾಡುವ ದಪ್ಪ ಕೊಳವೆ ಹಾಕಿದ ಉದ್ದ ಪೈಪು ಇದ್ದರೆ ಸಾಕು. ಬಾಯಲ್ಲಿ ಎಳೆಯುವ ರಗಳೆಯೂ ಬೇಡ, ಪೈಪಿಗೆ ನಲ್ಲಿಯಿಂದ ಮೊದಲೇ ನೀರು ತುಂಬಿ, ಹೆಬ್ಬೆರಳಲ್ಲಿ ಬಾಯಿ ಮುಚ್ಚಿ ತಂದು, ಟ್ಯಾಂಕಿನಲ್ಲಿ ಮುಳುಗಿಸಿ ಬೆರಳು ತೆಗೆದರೆ ಆಯಿತು. ಕೊಳವೆಯನ್ನು ಮರಳಿಗೆ ಚುಚ್ಚಿ ಎತ್ತಿ, ಚುಚ್ಚಿ ಎತ್ತಿ ಹೋಗುವಾಗ ಮರಳು ಒಳಗೇ ಕುಣಿದು ಕೆಳಗೆ ಬೀಳುತ್ತದೆ, ಕಂದು ಬಣ್ಣದ ಕೊಳೆ ಮಾತ್ರ ಮೇಲೆ ಹೋಗುತ್ತದೆ. ಅದನ್ನು ನೋಡುತ್ತಾ ಕೂರೋದು ನನಗೆ ಈಗಲೂ ಇಷ್ಟ.

ಪಂಪು ಬೇಕಾಗಿರುವುದು ತುಂಬಿಸೋಕೆ.

ಯುಟಿಲಿಟಿಯಲ್ಲಿ ನಲ್ಲಿ ಪಕ್ಕ 80 ಲೀಟರ್‌ನ ಪ್ಲಾಸ್ಟಿಕ್ ಡ್ರಮ್ ಇಟ್ಟೆ. ಹೊಸದು. ಫಿನಾಯಿಲ್, ಸೋಪು ಇಟ್ಟಿದ್ದ ಹಳೇ ಡ್ರಮ್ ಮಾತ್ರ ಯಾವ ಕಾರಣಕ್ಕೂ ಬೇಡ, ಎಷ್ಟು ತೊಳೆದರೂ ಬೇಡ. ಡ್ರಮ್ಮಿನ ತಳದಲ್ಲಿ ಪಂಪು, ಅಲ್ಲಿಂದ ಹಾಲ್‌ಗೆ ಇಪ್ಪತ್ತು ಅಡಿ ಪೈಪು. ಮೊದಲು ಮನೆಯಲ್ಲೇ ಬಿದ್ದಿದ್ದ ಅರ್ಧ ಇಂಚಿನ ಪೈಪು ಹಾಕಿದೆ. ಸ್ವಿಚ್ ಹಾಕಿದರೆ ಪಂಪು ಗುಂಯ್ ಅನ್ನುತ್ತೆ, ನೀರಿಲ್ಲ. ಒಳಗೆ ಗಾಳಿ ನಿಂತಿತ್ತು. ಪಂಪನ್ನು ನೀರಿನಲ್ಲಿ ಓರೆ ಮಾಡಿ ಅಲ್ಲಾಡಿಸಿದ ಮೇಲೆ ಗುಳುಗುಳು ಅಂತ ಗುಳ್ಳೆ ಎದ್ದು ಶುರುವಾಯಿತು. 60 ಲೀಟರ್‌ಗೆ 11 ನಿಮಿಷ.

ಪಂಪಿನ ಡಬ್ಬದ ಮೇಲೆ ಬರೆದಿರುವುದನ್ನು ನಂಬಿದರೆ 4 ನಿಮಿಷದೊಳಗೆ ಮುಗಿಯಬೇಕಿತ್ತು, ಗಂಟೆಗೆ 1100 ಲೀಟರ್ ಅಂತ ಇತ್ತು. ಆ ಲೆಕ್ಕ ಎತ್ತರವೇ ಇಲ್ಲದಿದ್ದಾಗಿನದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಡ್ 1.85 ಮೀಟರ್ ಅಂತಲೂ ಇರುತ್ತದೆ. ಅದರ ಅರ್ಥ ಅಷ್ಟು ಎತ್ತರಕ್ಕೆ ನೀರು ಜೋರಾಗಿ ಬರುತ್ತದೆ ಅಂತಲ್ಲ, ಅಷ್ಟು ಎತ್ತರಕ್ಕೆ ಹೋಗುವಷ್ಟರಲ್ಲಿ ನೀರು ನಿಂತೇ ಹೋಗುತ್ತದೆ ಅಂತ. ನನ್ನ ಟ್ಯಾಂಕಿನ ಅಂಚು ನೆಲದಿಂದ 1.2 ಮೀಟರ್. ಇನ್ನೊಂದು ಮಜಾ ಇದೆ. ಎತ್ತರ ಅಳೆಯಬೇಕಾದದ್ದು ಪಂಪು ಇರುವ ಜಾಗದಿಂದ ಅಲ್ಲ, ಡ್ರಮ್ಮಿನಲ್ಲಿ ನೀರು ಎಲ್ಲಿದೆಯೋ ಅಲ್ಲಿಂದ. ಡ್ರಮ್ ತುಂಬಿದ್ದಾಗ ಏರಿಕೆ ಎರಡು ಅಡಿಯೂ ಇಲ್ಲ. ಖಾಲಿಯಾಗುತ್ತಾ ಬಂದ ಹಾಗೆ ಏರಿಕೆ ಜಾಸ್ತಿ, ನೀರಿನ ರಭಸ ಕಡಿಮೆ. ಫೋನಿನ ಗಡಿಯಾರ ಇಟ್ಟು ನೋಡಿದೆ, ಮೊದಲ 20 ಲೀಟರ್‌ಗೆ ಹಿಡಿದದ್ದಕ್ಕಿಂತ ಕೊನೆಯ 20 ಲೀಟರ್‌ಗೆ ಹೆಚ್ಚುಕಡಿಮೆ ಎರಡರಷ್ಟು ಹೊತ್ತು. ಹಾಗಾಗಿ ಡ್ರಮ್ಮನ್ನು ನಾಲ್ಕು ಸಿಮೆಂಟ್ ಇಟ್ಟಿಗೆಯ ಮೇಲೆ ಎತ್ತಿಟ್ಟೆ. ತುಂಬಿದ ಡ್ರಮ್ ಅಂದ್ರೆ 80 ಕಿಲೋ, ಅಲ್ಲಾಡುವ ಸ್ಟೂಲ್ ಮೇಲೆ ಇಡಬೇಡಿ.

ದೊಡ್ಡ ಪಂಪು ತರೋಣ ಅಂತ ಹೊರಟಿದ್ದೆ. ಅದಕ್ಕೆ ಮೊದಲು ಪೈಪು ಬದಲಿಸಿ ನೋಡಿದೆ, ಮುಕ್ಕಾಲು ಇಂಚಿನದು. ಅದೇ ಪಂಪು, ಅದೇ ಎತ್ತರ, 60 ಲೀಟರ್ 7 ನಿಮಿಷಕ್ಕೆ ಬಂತು. ಸಪೂರ ಪೈಪಿನ ಗೋಡೆಗೆ ಉಜ್ಜಿಕೊಂಡೇ ಅಷ್ಟು ಜೋರು ಸೋರಿಹೋಗುತ್ತಿತ್ತು. ದೊಡ್ಡ ಪಂಪಿನ ದುಡ್ಡು ಉಳಿಯಿತು.

ಇನ್ನು ನನ್ನ ಮರ್ಯಾದೆ ಹೋದ ಕಥೆ.

ಮೂರನೇ ಭಾನುವಾರ. ಟ್ಯಾಂಕು ತುಂಬಿತು, ಯುಟಿಲಿಟಿಗೆ ಹೋಗಿ ಸ್ವಿಚ್ ಆಫ್ ಮಾಡಿದೆ. ಅಷ್ಟರಲ್ಲಿ ಫೋನ್ ಬಂತು, ಬಾಲ್ಕನಿಗೆ ಹೋಗಿ ಇಪ್ಪತ್ತು ನಿಮಿಷ ಮಾತಾಡಿದೆ. ಒಳಗಿಂದ ನನ್ನಾಕೆ ಕರೆದಳು, "ರೀ, ಬನ್ನಿ ಇಲ್ಲಿ, ಮೀನೆಲ್ಲ ಮಲಗ್ತಾ ಇದಾವೆ!" ಓಡಿ ಬಂದು ನೋಡಿದರೆ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ನೀರು. ಏಂಜೆಲ್ ಮೀನುಗಳು ನಿಲ್ಲಲು ಆಳ ಸಾಲದೆ ಓರೆಯಾಗಿವೆ. ಫಿಲ್ಟರ್ ಗಂಟಲು ಒಣಗಿದವರ ಹಾಗೆ ಸದ್ದು ಮಾಡುತ್ತಿದೆ. ಹಾಲ್ ನೆಲದಲ್ಲಿ ಒಂದು ಹನಿ ನೀರಿಲ್ಲ. ನನಗೆ ಅರ್ಧ ನಿಮಿಷ ಏನೂ ಅರ್ಥವಾಗಲಿಲ್ಲ. ಆಮೇಲೆ ಯುಟಿಲಿಟಿಗೆ ಹೋದೆ. ಡ್ರಮ್ ತುಂಬಿ, ಅಂಚಿನಿಂದ ಸದ್ದಿಲ್ಲದೆ ಹರಿದು ಜಾಲರಿಗೆ ಹೋಗುತ್ತಿತ್ತು, ನಾನು ಕಷ್ಟಪಟ್ಟು ಏರಿಸಿದ ನೀರು.

ಪಂಪ್ ಆಫ್ ಆದರೆ ಪೈಪೇನೂ ಮುಚ್ಚಿಕೊಳ್ಳುವುದಿಲ್ಲ. ಪೈಪಿನ ತುದಿ ಟ್ಯಾಂಕಿನ ತಳದವರೆಗೆ ಮುಳುಗಿತ್ತು, ಇನ್ನೊಂದು ತುದಿ ಕೆಳಗೆ ಡ್ರಮ್ಮಿನಲ್ಲಿ. ಮಧ್ಯೆ ಪೂರ್ತಿ ನೀರು. ಖಾಲಿ ಮಾಡೋಕೆ ನಾನೇ ಬಳಸುವ ಉಪಾಯ, ಈಗ ನನ್ನ ಮೇಲೇ ತಿರುಗಿತ್ತು. ಕರೆಂಟು ಹೋದರೂ ಇದೇ ಕಥೆ, ನಮ್ಮ ಕಡೆ ಅದೇನು ಅಪರೂಪವೂ ಅಲ್ಲ.

ಅವತ್ತಿನ ನಂತರ ಟ್ಯಾಂಕಿನ ಅಂಚಿಗೆ ಒಂದು ಕೊಕ್ಕೆ ಮಾಡಿದೆ. ಪಿವಿಸಿ ಪೈಪಿನ ತುಂಡು, ಎರಡು ಎಲ್ಬೋ, ಆಕಾರ ಛತ್ರಿ ಹಿಡಿಯ ಹಾಗೆ. ಅಂಚಿಗೆ ಸಿಕ್ಕಿಸಿದರೆ ಒಳಗಿನ ತುದಿ ತುಂಬಿದ ನೀರಿನ ಮಟ್ಟದಿಂದ ಎರಡೇ ಇಂಚು ಕೆಳಗೆ ನಿಲ್ಲುತ್ತದೆ. ಆ ತುಂಡಿನಲ್ಲೇ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, 4 ಮಿಲಿಮೀಟರ್‌ನ ಒಂದು ತೂತು ಕೊರೆದೆ. ಪಂಪು ನಡೆಯುವಾಗ ಅದರಿಂದ ಸಣ್ಣ ಚಿಲುಮೆ ಬರುತ್ತದೆ, ಆದ್ದರಿಂದ ತೂತು ಟ್ಯಾಂಕಿನ ಒಳಗಡೆಗೇ ಮುಖ ಮಾಡಿರಬೇಕು, ನಾನು ಮೊದಲು ಗೋಡೆ ಕಡೆ ಕೊರೆದು ಕ್ಯಾಲೆಂಡರ್ ನೆನೆಸಿದ್ದೆ. ಪಂಪು ನಿಂತ ತಕ್ಷಣ ಅದೇ ತೂತು ಗಾಳಿ ಎಳೆದುಕೊಳ್ಳುತ್ತದೆ, ಸುರ್ ಅಂತ ಒಂದು ಸದ್ದು, ಹಿಂದಕ್ಕೆ ಹರಿಯುವುದು ಕಡಿದುಹೋಗುತ್ತದೆ. ತಿಂಗಳಿಗೊಮ್ಮೆ ಆ ತೂತಿಗೆ ಊದುಬತ್ತಿ ಕಡ್ಡಿ ಹಾಕಿ ಪಾಚಿ ತೆಗೆಯುತ್ತೇನೆ. ಒಂದು ವೇಳೆ ಮುಚ್ಚಿಹೋಗಿದ್ದರೂ ಎರಡು ಇಂಚು ನೀರಷ್ಟೇ ಹೋಗುತ್ತದೆ, ಮೀನು ಮಲಗುವುದಿಲ್ಲ. ಕೊಕ್ಕೆಯ ಬಾಯಿ ಕೆಳಗೆ ಹಳೇ ಪ್ಲಾಸ್ಟಿಕ್ ತಟ್ಟೆ ತೇಲಿಬಿಡುತ್ತೇನೆ, ಮರಳು ಗುಂಡಿ ಬೀಳುವುದಿಲ್ಲ.

ಡ್ರಮ್ಮಿನಿಂದ ಇನ್ನೊಂದು ಲಾಭ ಆಯಿತು, ಅದು ನಾನು ಯೋಚಿಸಿರದಿದ್ದದ್ದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮೊದಲು ಬಕೆಟ್ ಬಕೆಟ್‌ಗೂ ಆಂಟಿ ಕ್ಲೋರಿನ್ ಹನಿ ಎಣಿಸುತ್ತಿದ್ದೆ, ಮಧ್ಯೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತಿತ್ತು. ಈಗ ಶನಿವಾರ ರಾತ್ರಿ ಡ್ರಮ್ ತುಂಬಿಸಿ, ಪೈಪಿನ ತುದಿಯನ್ನು ಡ್ರಮ್ಮಿನೊಳಕ್ಕೇ ಬಿಟ್ಟು, ಅರ್ಧ ಗಂಟೆ ಪಂಪು ಓಡಿಸುತ್ತೇನೆ. ನೀರು ತನ್ನ ಮೇಲೆ ತಾನೇ ಸುರಿದುಕೊಳ್ಳುತ್ತಾ ಇರುತ್ತದೆ, ಕ್ಲೋರಿನ್ ಒಂದಷ್ಟು ಗಾಳಿಗೆ ಹೋಗುತ್ತದೆ, ರಾತ್ರಿಯೆಲ್ಲ ನಿಂತಾಗ ಮತ್ತಷ್ಟು. ಆದರೂ ಬೆಳಿಗ್ಗೆ ಡ್ರಮ್ಮಿನ ಅಳತೆಗೆ ಹನಿ ಹಾಕಿ ಐದು ನಿಮಿಷ ಮತ್ತೆ ತಿರುಗಿಸುತ್ತೇನೆ, ನನಗೆ ಧೈರ್ಯ ಸಾಲದು. ನೀರು ರಾತ್ರಿಯೆಲ್ಲ ಮನೆಯೊಳಗೇ ಇದ್ದದ್ದರಿಂದ ತೀರಾ ತಣ್ಣಗೂ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಮಾತ್ರ ಒಂದು ಪಾತ್ರೆ ಬಿಸಿ ನೀರು ಬೆರೆಸಿ, ಟ್ಯಾಂಕಿಗೂ ಡ್ರಮ್ಮಿಗೂ ಒಂದೆರಡು ಡಿಗ್ರಿಗಿಂತ ವ್ಯತ್ಯಾಸ ಇಲ್ಲದ ಹಾಗೆ ನೋಡಿಕೊಳ್ಳುತ್ತೇನೆ.

ಕರೆಂಟಿನ ವಿಷಯ ಸ್ವಲ್ಪ ಕೇಳಿ. ಇಂಥ ಅಗ್ಗದ ಪಂಪಿಗೆ ಎಷ್ಟೋ ಸಲ ಎರಡೇ ಪಿನ್, ಅರ್ಥ್ ವೈರ್ ಇರುವುದಿಲ್ಲ. ನನ್ನದೂ ಹಾಗೇ. ಪಂಪು ನಡೆಯುವಾಗ ಡ್ರಮ್ಮಿಗೂ ಕೈ ಹಾಕುವುದಿಲ್ಲ, ಟ್ಯಾಂಕಿಗೂ ಹಾಕುವುದಿಲ್ಲ. ಪೈಪಿನೊಳಗಿನ ನೀರೇ ಎರಡನ್ನೂ ಜೋಡಿಸಿರುತ್ತದೆ, ಹಾಲ್‌ನಲ್ಲಿದ್ದೀನಿ ಅಂತ ಧೈರ್ಯ ಬೇಡ. ಬರೀ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ವೈರು ಬೋರ್ಡಿಗಿಂತ ಕೆಳಗೆ ಇಳಿದು ಆಮೇಲೆ ಮೇಲೇರಿ ಪ್ಲಗ್ಗಿಗೆ ಹೋಗಬೇಕು, ಆಗ ವೈರಿನ ಮೇಲೆ ಹರಿದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಬೋರ್ಡಿಗೆ ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಹಾಕಿಸಿಕೊಂಡೆ, ಈ ಇಡೀ ಏರ್ಪಾಡಿನಲ್ಲಿ ದುಬಾರಿ ಸಾಮಾನು ಅದೊಂದೇ. ನೀರು ಇಳಿಸುವ ಮೊದಲು ಹೀಟರ್ ಆಫ್, ಹತ್ತು ನಿಮಿಷ ಆರಲು ಬಿಡೋದು. ಬಿಸಿ ಗಾಜು ನೀರಿನಿಂದ ಹೊರಗೆ ಬಂದು ಆಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ.

ನಲ್ಲಿಗೇ ತಿರುಪು ಹಾಕಿ, ನಲ್ಲಿ ನೀರಿನ ರಭಸದಿಂದಲೇ ಟ್ಯಾಂಕಿನ ನೀರು ಎಳೆಯುವ ಪೈಪುಗಳೂ ಬರುತ್ತವೆ, ಅದನ್ನೇ ತಗೋಬಹುದಲ್ವಾ ಅಂತ ಗೆಳೆಯರು ಕೇಳುತ್ತಾರೆ. ಒಳ್ಳೆಯ ನೀರು ಹರಿಸಿ ಕೊಳೆ ನೀರು ಎಳೆಯೋದು ನನಗೆ ಒಗ್ಗುವುದಿಲ್ಲ. ಅದಕ್ಕೆ ಬೇಕಾದ ರಭಸವೂ ನಮ್ಮಲ್ಲಿಲ್ಲ. ನಮ್ಮದು ಮೇಲಿನ ಮಹಡಿ, ತಲೆಯ ಮೇಲೇ ಸಿಂಟೆಕ್ಸ್, ನಲ್ಲಿ ಬಿಟ್ಟರೆ ಬೇಸರದಲ್ಲಿ ಬರುತ್ತದೆ ನೀರು.

2024ರ ಬೇಸಿಗೆಯಲ್ಲಿ ಈ ಡ್ರಮ್ಮಿಗೆ ಬೇರೆಯೇ ಬೆಲೆ ಬಂತು. ಆ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಮ್ಮ ಕಟ್ಟಡಕ್ಕೆ ಟ್ಯಾಂಕರ್ ನೀರು. ನನ್ನ ಪುಟ್ಟ ಮೀಟರ್ ಇಟ್ಟು ನೋಡಿದರೆ ಟಿಡಿಎಸ್, ಅಂದ್ರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, 900 ದಾಟಿತ್ತು, ಮೊದಲಿನ ನೀರು 200ರ ಆಸುಪಾಸು ಇರುತ್ತಿತ್ತು. ಒಂದೇ ಸಲ 60 ಲೀಟರ್ ಹಾಕಿದ್ದರೆ ಮೀನಿಗೆ ತಡೆಯುತ್ತಿರಲಿಲ್ಲ. ದಿನ ಬಿಟ್ಟು ದಿನ ಹತ್ತತ್ತು ಲೀಟರ್ ಮಾತ್ರ ಬದಲಿಸಿದೆ. ಬಕೆಟ್ ಕಾಲದಲ್ಲಾಗಿದ್ದರೆ ಅಷ್ಟು ಸಲ ಮಾಡುವ ಪ್ರಶ್ನೆಯೇ ಇರಲಿಲ್ಲ. ಈಗ ಸ್ವಿಚ್ ಹಾಕಿ ಒಂದು ನಿಮಿಷ ಚಿಲ್ಲರೆ ನಿಂತರೆ ಮುಗಿಯಿತು. ಆ ನೀರು ಪಂಪಿನ ರೆಕ್ಕೆಗೆ ಬಿಳಿ ಪದರ ಕಟ್ಟಿತು, ನಿಂಬೆರಸದಲ್ಲಿ ಒಂದು ರಾತ್ರಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಬಿಟ್ಟಿತು.

ಪಂಪು ಒಣಗಿ ಓಡಿದರೆ ಸುಟ್ಟುಹೋಗುತ್ತದೆ, ಆದ್ದರಿಂದ ಡ್ರಮ್ಮಿನ ತಳದ ನಾಲ್ಕೈದು ಲೀಟರ್ ಹಾಗೇ ಬಿಡುತ್ತೇನೆ, ಅದು ನೆಲ ಒರೆಸೋಕೆ. ಟ್ಯಾಂಕಿನಿಂದ ಇಳಿಸಿದ ನೀರನ್ನೂ ಈಗ ಜಾಲರಿಗೆ ಬಿಡುತ್ತಿಲ್ಲ, ಕ್ಯಾನುಗಳಿಗೆ ಹಿಡಿದು ಬಾಲ್ಕನಿಯ ದಾಸವಾಳಕ್ಕೆ, ಕರಿಬೇವಿಗೆ ಹಾಕುತ್ತೇವೆ. ಮಿಕ್ಕಿದ್ದನ್ನು ಕೆಳಗಿನ ಮನೆಯವರು ಅವರ ಕುಂಡಗಳಿಗೆ ಕೇಳಿ ಇಸ್ಕೊಂಡು ಹೋಗುತ್ತಾರೆ. ಕರಿಬೇವು ಕಿಟಕಿ ದಾಟಿ ಬೆಳೆದಿದೆ. ತುಳಸಿಗೆ ಮಾತ್ರ ಬೇಡ ಅಂತ ಅಮ್ಮನ ಆರ್ಡರ್, "ಮೀನಿನ ನೀರು ತುಳಸಿಗೆ ಹಾಕ್ತೀಯೇನೋ?" ಅದಕ್ಕೆ ಒಂದು ಚೊಂಬು ಬೇರೆ.